ಜಿಪ್ಸಿಯ ಬೆನ್ನಿಗೆ ಮೂವತ್ತು ಲೀಟರ್: ಮರಳುಗಾಡಿಗಾಗಿ ಸಾಗರದಲ್ಲಿ ಕಟ್ಟಿದ ಕ್ಯಾನ್ ಚೌಕಟ್ಟು

ನನ್ನ ಮಾರುತಿ ಜಿಪ್ಸಿಯ ಪೆಟ್ರೋಲ್ ಟ್ಯಾಂಕು 40 ಲೀಟರಿನದು. ಸಾಗರದಿಂದ ಶಿವಮೊಗ್ಗಕ್ಕೆ, ಹೊಸನಗರಕ್ಕೆ, ತೋಟಕ್ಕೆ ಓಡಾಡಿಕೊಂಡಿರುವವರೆಗೆ ಅದು ಚಿಕ್ಕದೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಡಿಸೆಂಬರಿನಲ್ಲಿ ಇಬ್ಬರು ಗೆಳೆಯರೊಡನೆ ಜೈಸಲ್ಮೇರಿನ ಆಚೆ, ರಾಮಗಢ ಮತ್ತು ತನೋಟ್ ಕಡೆಯ ಮರಳುಗಾಡಿಗೆ ಹೋಗುವುದೆಂದು ತೀರ್ಮಾನವಾದ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ಮಾತ್ರ ಟ್ಯಾಂಕಿನ ಗಾತ್ರ ಕಣ್ಣಿಗೆ ಬಿತ್ತು. ಜೈಸಲ್ಮೇರಿನಿಂದ ತನೋಟ್ ಸುಮಾರು 120 ಕಿ.ಮೀ.; ರಾಮಗಢ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿದೆ. ರಾಮಗಢದಲ್ಲಿ ತುಂಬಿಸಿಕೊಂಡು ಹೊರಟ ಮೇಲೆ ಮತ್ತೆ ಬಂಕು ಕಾಣುವಷ್ಟರಲ್ಲಿ ಎರಡು ದಿನಗಳಲ್ಲಿ 120 ಕಿ.ಮೀ. ಡಾಂಬರು ರಸ್ತೆ ಮತ್ತು 110 ಕಿ.ಮೀ. ಮರಳು ನಮ್ಮ ಯೋಜನೆಯಲ್ಲಿತ್ತು. ಡಾಂಬರಿನಲ್ಲಿ ನನ್ನ ಗಾಡಿ ಲೀಟರಿಗೆ 10 ಕಿ.ಮೀ. ಕೊಡುತ್ತದೆ, ಸಡಿಲ ಮರಳಿನಲ್ಲಿ ಲೋ ಗೇರಿನಲ್ಲಿ ಓಡಿಸಿದರೆ 5ಕ್ಕಿಂತ ಹೆಚ್ಚು ನಂಬಬಾರದು. ಹಾಗಾದರೆ 12 ಮತ್ತು 22, ಒಟ್ಟು 34 ಲೀಟರ್. ದಾರಿ ತಪ್ಪಿ ಹಿಂದಿರುಗುವುದಕ್ಕೆ, ಹೂತುಹೋದ ಗಾಡಿಯನ್ನು ಎಳೆಯುವುದಕ್ಕೆ ಅದರ ಮೂರನೆಯ ಒಂದು ಪಾಲನ್ನು ಸೇರಿಸಿದರೆ 45 ಲೀಟರ್ ದಾಟುತ್ತದೆ. ಟ್ಯಾಂಕಿನ ತಳದ ಮೂರು-ನಾಲ್ಕು ಲೀಟರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ದಿಬ್ಬ ಏರುವಾಗ ಪೆಟ್ರೋಲು ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತದೆ. ಒಟ್ಟಿನಲ್ಲಿ ಕೊರತೆ ಹತ್ತು ಲೀಟರ್.

ಹತ್ತು ಲೀಟರಿನ ಕೊರತೆಗೆ ಮೊದಲು ನಾನು 20 ಲೀಟರಿನ ಎರಡು ಕ್ಯಾನುಗಳನ್ನು ಒಯ್ಯುವ ಯೋಚನೆ ಮಾಡಿದ್ದೆ. ಅದು ತಪ್ಪು ಲೆಕ್ಕ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ 23 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವ ಆವಿ ಬಿಡುವ ಇಂಧನ 'ಎ' ವರ್ಗದ್ದು. ಪೆಟ್ರೋಲು ಅದರಲ್ಲಿ ಬರುತ್ತದೆ. ಮಾರಾಟಕ್ಕಲ್ಲದ 'ಎ' ವರ್ಗದ ಇಂಧನವನ್ನು ಪರವಾನಗಿಯಿಲ್ಲದೆ 30 ಲೀಟರ್‌ವರೆಗೆ ಇಟ್ಟುಕೊಳ್ಳಬಹುದು, ಸಾಗಿಸಬಹುದು. ಲೋಹದ ಪಾತ್ರೆ ಒಂದೊಂದೂ 25 ಲೀಟರನ್ನು ಮೀರಬಾರದು, ಬಾಯಿ ಭದ್ರವಾಗಿ ಮುಚ್ಚಿರಬೇಕು. ಆದ್ದರಿಂದ ಒಂದು 20 ಲೀಟರಿನ ಕ್ಯಾನು, ಒಂದು 10 ಲೀಟರಿನ ಕ್ಯಾನು ಎಂದು ನಿರ್ಧರಿಸಿದೆ. ಎರಡು ಪಾತ್ರೆಗಳಲ್ಲಿ ಹಂಚುವುದರಿಂದ ಇನ್ನೊಂದು ಅನುಕೂಲವೂ ಇದೆ: ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ.

ಇಡುವ ಜಾಗದ ವಿಷಯದಲ್ಲಿ ನನಗೆ ಕ್ಯಾನಿನ ವಿಷಯಕ್ಕಿಂತ ಹೆಚ್ಚು ದಿನ ಬೇಕಾಯಿತು. ಗಾಡಿಯ ಒಳಗೆ ಇಡುವ ಪ್ರಶ್ನೆಯೇ ಇರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ, ಸೀಟಿನ ಕೆಳಗೆ ಕೂರುತ್ತದೆ, ಗಾಳಿಯಲ್ಲಿ ಶೇಕಡಾ 1.4ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಚಾವಣಿಯ ಮೇಲೆ ಇಟ್ಟರೆ ಆವಿಯ ಭಯ ಕಡಿಮೆ, ಆದರೆ ಜಿಪ್ಸಿ ಮೊದಲೇ ಅಗಲ ಕಡಿಮೆ, ಎತ್ತರ ಹೆಚ್ಚಿನ ಗಾಡಿ. ಮರಳಿನ ದಿಬ್ಬವನ್ನು ಓರೆಯಾಗಿ ಹಾಯುವಾಗ ತಲೆಯ ಮೇಲಿನ ಭಾರ ಗಾಡಿಯನ್ನು ಮಗುಚುತ್ತದೆ. ಚಾಸಿಸ್, ಅಂದರೆ ಗಾಡಿಯ ತಳದ ಉಕ್ಕಿನ ಅಡಿಗಟ್ಟಿನ ಕೆಳಗೆ ಎರಡನೆಯ ಟ್ಯಾಂಕು ಕೂರಿಸಿಕೊಡುವವರಿದ್ದಾರೆ. ಆದರೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಉಳಿದದ್ದು ಹಿಂಭಾಗ. ಅಲ್ಲಿಯ ದೋಷ ನನಗೆ ಗೊತ್ತಿತ್ತು: ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲ ಪೆಟ್ಟು ಕ್ಯಾನಿಗೇ. ಅದಕ್ಕೆ ನಾನು ಹಾಕಿಕೊಂಡ ನಿಯಮವೆಂದರೆ, ಹೆದ್ದಾರಿಯಲ್ಲಿ ಕ್ಯಾನುಗಳು ಖಾಲಿಯಾಗಿಯೇ ಹೋಗಬೇಕು, ಕೊನೆಯ ಬಂಕಿನಲ್ಲಿ ತುಂಬಬೇಕು, ಮೊದಲ ದಿನವೇ ಟ್ಯಾಂಕಿಗೆ ಸುರಿಯಲು ಆರಂಭಿಸಬೇಕು. ಚೌಕಟ್ಟು ಕೂಡ ನಾಲ್ಕು ಬೋಲ್ಟು ಬಿಚ್ಚಿದರೆ ಪೂರ್ತಿ ಹೊರಬರುವಂತಿರಬೇಕು.

ಮೊದಲ ಚೌಕಟ್ಟನ್ನು ಜುಲೈ ಕೊನೆಯಲ್ಲಿ, ಪುಷ್ಯ ಮಳೆ ಹಿಡಿದು ಸುರಿಯುತ್ತಿದ್ದ ವಾರದಲ್ಲಿ ಮಾಡಿಸಿದೆ. ಹಿಂಬಾಗಿಲಿನ ಮೇಲೆ ಸ್ಟೆಪ್ನಿ ಇರುವುದರಿಂದ ಅದರ ಪಕ್ಕದಲ್ಲಿಯೇ ಒಂದು ತಟ್ಟೆ ಕೂರಿಸಿದರೆ ಸುಲಭವೆಂದು ನಾನೇ ಹೇಳಿ ಮಾಡಿಸಿದ್ದು. ವೆಲ್ಡಿಂಗ್ ಮೇಸ್ತ್ರಿ ಅಂದೇ ಬಾಗಿಲನ್ನು ಎರಡು ಸಲ ಮೇಲಕ್ಕೆತ್ತಿ ನೋಡಿ, "ಸಾರ್, ಈ ಕೀಲು ಸ್ಟೆಪ್ನಿ ಹೊರೋದೇ ಕಷ್ಟದಲ್ಲಿದೆ, ಮೇಲೆ ಇನ್ನೂ ಇಪ್ಪತ್ತು ಕೆ.ಜಿ. ಹೇರ್ತೀರಾ?" ಎಂದು ಕೇಳಿದ್ದರು. ಪರೀಕ್ಷೆಗೆಂದು ಕ್ಯಾನಿನಲ್ಲಿ ನೀರು ತುಂಬಿಸಿ ಸಾಗರ, ಹೊಸನಗರ, ನಗರದ ಕಡೆಯ ಗುಂಡಿ ಬಿದ್ದ ರಸ್ತೆಗಳಲ್ಲಿ ಮೂರು ವಾರ ಓಡಾಡಿದೆ. 280 ಕಿ.ಮೀ. ಆಗುವಷ್ಟರಲ್ಲಿ ಬಾಗಿಲು ಒಂದು ಬೆರಳಿನಷ್ಟು ಜೋತು, ಚಿಲಕ ತಾನಾಗಿ ಕೂರುವುದನ್ನು ನಿಲ್ಲಿಸಿತು. ಮ್ಯಾಟು ತೆಗೆದು ನೋಡಿದಾಗ ಮೇಲಿನ ಕೀಲಿನ ಬೋಲ್ಟಿನಿಂದ ತಗಡಿನಲ್ಲಿ ಕೂದಲೆಳೆಯಂತೆ ಒಂದು ಬಿರುಕು ಹೊರಟಿತ್ತು. ಬಣ್ಣ ಸೀಳಿದ್ದಲ್ಲಿ ಆಗಲೇ ಕೆಂಪು ತುಕ್ಕಿನ ಗೆರೆ ಮೂಡಿತ್ತು. ಮೇಸ್ತ್ರಿಯವರ ಮಾತನ್ನು ಅಂದೇ ಕೇಳಬೇಕಿತ್ತು. ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು ಅದು ಮುಂದುವರಿಯದಂತೆ ನಿಲ್ಲಿಸಿ, ಒಳಗಿನಿಂದ ತಗಡಿನ ತೇಪೆ ಕೊಟ್ಟು ಬಾಗಿಲನ್ನು ಸರಿಪಡಿಸಿದೆವು.

ಭಾರ ಚಾಸಿಸ್ಸಿಗೇ ಹೋಗಬೇಕೆಂಬುದು ಇಷ್ಟರಿಂದ ಸ್ಪಷ್ಟವಾಯಿತು. ಆದರೆ ಚಾಸಿಸ್ಸಿಗೆ ಕಟ್ಟಿದ ಚೌಕಟ್ಟು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಅದು ಗೇಟಿನಂತೆ ತಿರುಗಿ ತೆರೆಯುವ ತೋಳಾಗಬೇಕು. ಕಬ್ಬಿಣ ಕತ್ತರಿಸುವ ಮೊದಲು ಅಡಿಕೆ ದಬ್ಬೆಯನ್ನು ಸೀಳಿ, ಹಗ್ಗದಲ್ಲಿ ಬಿಗಿದು, ಅಂಗಳದಲ್ಲಿ ಗಾಡಿಯ ಹಿಂದೆ ಪೂರ್ತಿ ಅಳತೆಯ ಮಾದರಿ ನಿಲ್ಲಿಸಿದೆ. ಈ ಕೆಲಸಕ್ಕೆ ಹಿಡಿದದ್ದು ಅರ್ಧ ದಿನ, ಉಳಿಸಿದ್ದು ಬಹಳ. ಮಾದರಿಯನ್ನು ನೋಡಿದ ಮೇಲೆಯೇ ಕ್ಯಾನಿನ ಮೇಲ್ಭಾಗ ಒಂದು ಬದಿಯ ಹಿಂದೀಪವನ್ನು ಮುಚ್ಚುತ್ತದೆಂದೂ, ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ ಮರೆಯಾಗುತ್ತವೆಂದೂ ಗೊತ್ತಾಯಿತು. ತಟ್ಟೆಯನ್ನು ನಡುವಿನ ಕಡೆಗೆ 11 ಸೆಂ.ಮೀ. ಸರಿಸಿದೆ. ಸೈಲೆನ್ಸರಿನ ಬಾಯಿ ಇಲ್ಲದ ಬದಿಯಲ್ಲಿಯೇ ದೊಡ್ಡ ಕ್ಯಾನು ಬರುವಂತೆ ನೋಡಿಕೊಂಡೆ.

ಚೌಕಟ್ಟಿಗೆ 40×40×5 ಮಿ.ಮೀ. ಆಂಗ್ಲರ್, ಅಂದರೆ 'ಎಲ್' ಆಕಾರದ ಕಬ್ಬಿಣದ ಪಟ್ಟಿಯನ್ನು ಆರಿಸಿದೆ. ಚೌಕ ಪೈಪು ಹಗುರ, ನೋಡಲು ಅಂದ, ಮರಳುಗಾಡಿನ ನಾಡಿನಲ್ಲಿ ಅದೇ ಸರಿ ಇರಬಹುದು. ಆದರೆ ನಮ್ಮ ಮಳೆಗಾಲದಲ್ಲಿ ಪೈಪಿನೊಳಗೆ ಹೊಕ್ಕ ತೇವ ಹೊರಗೆ ಬರುವುದೇ ಇಲ್ಲ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿಂದು ಮುಗಿಸಿರುತ್ತದೆ. ಆಂಗ್ಲರಿನಲ್ಲಾದರೆ ಎಲ್ಲ ಮೈಯೂ ಕಣ್ಣಿಗೆ ಕಾಣುತ್ತದೆ, ಬ್ರಷ್ಷಿಗೆ ಸಿಗುತ್ತದೆ. 20 ಲೀಟರಿನ ಕ್ಯಾನು ಸುಮಾರು 345 ಮಿ.ಮೀ. ಉದ್ದ, 165 ಮಿ.ಮೀ. ದಪ್ಪ, 470 ಮಿ.ಮೀ. ಎತ್ತರ; ತಟ್ಟೆಯ ಒಳ ಅಳತೆಯನ್ನು 360×180 ಇಟ್ಟು, ಉಳಿದ ಸಂದನ್ನು ಕೊಟ್ಟಿಗೆಗೆ ಹಾಸಿ ಮಿಕ್ಕಿದ್ದ ರಬ್ಬರ್ ಮ್ಯಾಟಿನ ಪಟ್ಟಿಗಳಿಂದ ತುಂಬಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಸಾವಿರ ಕಿ.ಮೀ.ನಲ್ಲಿ ಕ್ಯಾನಿನ ತಗಡು ಸವೆದು ತೂತಾಗುತ್ತದೆ. ತಟ್ಟೆಯ ತಳದಲ್ಲಿ 12 ಮಿ.ಮೀ.ನ ಎರಡು ತೂತುಗಳಿವೆ. ಮಳೆನೀರಾಗಲಿ ತೊಟ್ಟಿಕ್ಕಿದ ಪೆಟ್ರೋಲಾಗಲಿ ಅಲ್ಲಿ ನಿಲ್ಲಬಾರದು.

ತೋಳು ತಿರುಗುವ ಕೀಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಬಗೆಯ ಚೌಕಟ್ಟುಗಳು ಕೆಡುವುದು ಅಲ್ಲಿಯೇ. ಗೇಟಿನ ಕೀಲನ್ನು ಹಾಕಿದರೆ ಸಾಕೆಂದು ಹಲವರು ಸಲಹೆ ಕೊಟ್ಟರು. ಗೇಟು ನಿಂತಲ್ಲೇ ನಿಂತಿರುತ್ತದೆ. ಈ ತೋಳು ದಿನವಿಡೀ ಕುಲುಕುತ್ತಲೇ ಇರುತ್ತದೆ. 28 ಮಿ.ಮೀ. ದಪ್ಪದ ಉಕ್ಕಿನ ಪಿನ್ನನ್ನೂ ಅದು ಒಳಗೆ ತಿರುಗುವ ಬಳೆಯಂಥ ಗನ್‌ಮೆಟಲ್ ಬುಷ್‌ಗಳನ್ನೂ ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ಕಡೆಸಿದೆ. ಬುಷ್ ಕವಚಕ್ಕೆ ಗ್ರೀಸ್ ನಿಪ್ಪಲ್ ಕೂರಿಸಿದೆವು. ಹಾಗಿದ್ದರೂ ಓಡುವಾಗ ಭಾರವೆಲ್ಲ ಪಿನ್ನಿನ ಮೇಲೆಯೇ ಬಿದ್ದರೆ ಅದೂ ಒಂದು ದಿನ ಸವೆಯುತ್ತದೆ. ಆದ್ದರಿಂದ ತೋಳಿನ ಇನ್ನೊಂದು ತುದಿ ಮುಚ್ಚಿಕೊಳ್ಳುವ ಜಾಗದಲ್ಲಿ ಬಂಪರಿನ ಮೇಲೆ ಇಳಿಜಾರಾಗಿ ಕೆತ್ತಿದ ನೈಲಾನ್ ತುಂಡೊಂದನ್ನು ಇಟ್ಟೆವು. ತೋಳನ್ನು ಮುಚ್ಚುವಾಗ ಅದು ಆ ಇಳಿಜಾರನ್ನು ಹತ್ತಿ ಎಂಟು ಮಿ.ಮೀ. ಮೇಲೇರಿ ಕೂರುತ್ತದೆ, ಆಗ ಅರ್ಧ ಭಾರ ಪಿನ್ನಿಗೆ, ಅರ್ಧ ಭಾರ ನೈಲಾನಿಗೆ ಹಂಚಿಹೋಗುತ್ತದೆ. ಮೇಲಿನಿಂದ 16 ಮಿ.ಮೀ. ಪಿನ್ ಇಳಿಸಿ ಬೀಗ ಹಾಕಿದರೆ ಕೈಯಲ್ಲಿ ಹಿಡಿದು ಅಲುಗಿಸಿದರೂ ಸದ್ದಿಲ್ಲ. ಹೀಗೆ ಕೂತ ದಿನ ಮೇಸ್ತ್ರಿ ತೋಳನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿದರು.

ಗಾಡಿಯ ಚಾಸಿಸ್ಸಿಗೆ ಒಂದು ವೆಲ್ಡಿಂಗ್ ಚುಕ್ಕೆಯನ್ನೂ ಹಾಕಿಲ್ಲ, ಹೊಸ ತೂತನ್ನೂ ಕೊರೆದಿಲ್ಲ. ಬಂಪರ್ ಕೂರುವ ಮೂಲ ತೂತುಗಳಿಗೇ 8 ಮಿ.ಮೀ. ಪ್ಲೇಟು ಕೊಟ್ಟು ಎಂ12 ಗಾತ್ರದ 8.8 ದರ್ಜೆಯ ಬೋಲ್ಟುಗಳಲ್ಲಿ ಬಿಗಿದೆವು. ಚೌಕಟ್ಟಿನ ತೂಕ 19 ಕೆ.ಜಿ., ತುಂಬಿದ ಕ್ಯಾನುಗಳದ್ದು ಸುಮಾರು 27 ಕೆ.ಜಿ.; ಒಟ್ಟು 46 ಕೆ.ಜಿ. ಹಿಂದಿನ ಆಕ್ಸಲಿನಿಂದ ಒಂದು ಮೀಟರಿನಷ್ಟು ಹಿಂದೆ ನೇತಾಡುತ್ತದೆ. ಜಿಪ್ಸಿಯ ಮುಂದಿನ-ಹಿಂದಿನ ಗಾಲಿಗಳ ಅಂತರ 2,375 ಮಿ.ಮೀ. ಆದ್ದರಿಂದ ತಕ್ಕಡಿಯ ಲೆಕ್ಕದಲ್ಲಿ ಮುಂದಿನ ಗಾಲಿಗಳು 19 ಕೆ.ಜಿ. ಹಗುರವಾಗಿ, ಹಿಂದಿನವಕ್ಕೆ 65 ಕೆ.ಜಿ. ಹೆಚ್ಚು ಬೀಳುತ್ತದೆ. 40 ಲೀಟರ್ ಒಯ್ಯುವ ಮೊದಲ ಯೋಚನೆಯನ್ನು ಬಿಟ್ಟದ್ದಕ್ಕೆ ಇದೂ ಒಂದು ಕಾರಣ. ನೀರಿನ ಕ್ಯಾನು ಮತ್ತು ಹಾರೆ-ಸಲಿಕೆಗಳನ್ನು ಮುಂದಿನ ಸೀಟಿನ ಬೆನ್ನಿಗೆ ತಂದು ಸರಿತೂಗಿಸಿದೆ.

ಬಣ್ಣದ ಕೆಲಸ ಮಲೆನಾಡಿನ ಸೆಪ್ಟೆಂಬರಿನಲ್ಲಿ ಸುಲಭದ್ದಲ್ಲ. ಬೆಳಿಗ್ಗೆ ಗ್ರೈಂಡರಿನಲ್ಲಿ ಬೆಳ್ಳಿಯಂತೆ ಉಜ್ಜಿಟ್ಟ ಕಬ್ಬಿಣ ಸಂಜೆಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲು ಕಂಡ ಒಂದು ಮಧ್ಯಾಹ್ನ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಅದೇ ಗಂಟೆಯಲ್ಲಿ ಪ್ರೈಮರ್ ಹೊಡೆದೆವು. ಎರಡು ದಿನ ಅಡಿಕೆ ಒಣಗಿಸುವ ಒಲೆಯ ಮನೆಯಲ್ಲಿ, ಬೆಂಕಿ ಪೂರ್ತಿ ಆರಿಸಿದ ಬಳಿಕ ಉಳಿದ ಬೆಚ್ಚಗಿನಲ್ಲಿ, ನೇತುಹಾಕಿ ಒಣಗಿಸಿದ ಮೇಲೆ ಎನಾಮಲ್ ಎರಡು ಕೈ. ಕಬ್ಬಿಣ, ಲೇತ್, ಬಣ್ಣ, ಕೂಲಿ ಸೇರಿ 6,800 ರೂಪಾಯಿ ಆಯಿತು.

ಕ್ಯಾನಿನ ಬಗ್ಗೆ ನಾನು ಮೊದಲು ಅಷ್ಟು ಯೋಚಿಸಿರಲಿಲ್ಲ. ತೋಟದ ಕಳೆ ಕೊಚ್ಚುವ ಯಂತ್ರಕ್ಕೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪಿಗೆ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲು ತಂದು ಅಭ್ಯಾಸವಾದವರು ನಾವು. ಆ ಅಭ್ಯಾಸವೇ ಅಪಾಯದ್ದು. ಮರಳುಗಾಡಿಗಂತೂ ಅದು ಬೇಡವೇ ಬೇಡ. ಮೂರು ಹಿಡಿಕೆಯ ಉಕ್ಕಿನ ಜೆರಿಕ್ಯಾನು 1930ರ ದಶಕದಲ್ಲಿ ಜರ್ಮನಿಯ ಸೈನ್ಯಕ್ಕಾಗಿ ರೂಪುಗೊಂಡದ್ದು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿದ್ದ ಬ್ರಿಟಿಷರ ಬಳಿ ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಗಳಿದ್ದವು. ನಮ್ಮ ಅಟ್ಟದ ಮೇಲಿನ ಸೀಮೆಎಣ್ಣೆ ಡಬ್ಬದ ಜಾತಿಯವೇ. ಅವು ದಾರಿಯುದ್ದಕ್ಕೂ ಸೋರಿ ಪೆಟ್ರೋಲು ಹಾಳಾಗುತ್ತಿತ್ತು. ಕೊನೆಗೆ ಅವರು ಜರ್ಮನ್ನರ ಕ್ಯಾನನ್ನೇ ನಕಲು ಮಾಡಿಕೊಂಡರು. ಅದರ ಮೂರು ಹಿಡಿಕೆಗಳಿಂದ ತುಂಬಿದ ಕ್ಯಾನನ್ನು ಇಬ್ಬರು ಹಿಡಿದೆತ್ತಬಹುದು, ಖಾಲಿಯಾದವನ್ನು ಒಬ್ಬನೇ ಒಂದು ಕೈಯಲ್ಲಿ ಎರಡರಂತೆ ಒಯ್ಯಬಹುದು. ಹಿಡಿಕೆಯ ಕೆಳಗಿನ ಉಬ್ಬಿನಲ್ಲಿ ಗಾಳಿ ಉಳಿಯುತ್ತದೆ, ಪಕ್ಕದಲ್ಲಿ ಅಡ್ಡಡ್ಡವಾಗಿ ಒತ್ತಿದ ತಗ್ಗುಗೆರೆಗಳು ತಗಡಿಗೆ ಬಿಗಿ ಕೊಡುತ್ತವೆ.

ನಾನು ತರಿಸಿದ ಕ್ಯಾನು ಅದೇ ಆಕಾರದ್ದಾದರೂ ಅದರ ಮುಚ್ಚಳದ ರಬ್ಬರ್ ಬಳೆ ಅಗ್ಗದ್ದು. ನೀರು ತುಂಬಿಸಿ ರಾತ್ರಿಯಿಡೀ ತಲೆಕೆಳಗಾಗಿ ಹಳೆಯ ಪತ್ರಿಕೆಯ ಮೇಲೆ ಇಟ್ಟಾಗ ಒಂದು ಹನಿಯೂ ಬೀಳಲಿಲ್ಲ. ಪೆಟ್ರೋಲು ತುಂಬಿಸಿ ಹದಿನೈದು ದಿನ ಮನೆಯಿಂದ ದೂರ, ನೆರಳಿನಲ್ಲಿ ಇಟ್ಟು ತೆಗೆದಾಗ ಬಳೆ ಉಬ್ಬಿ, ಉಗುರು ಊರಿದರೆ ಗುರುತು ಉಳಿಯುವಷ್ಟು ಮೆತ್ತಗಾಗಿತ್ತು; ಒಮ್ಮೆ ತೆರೆದ ಮೇಲೆ ಮುಚ್ಚಳದ ಸನ್ನೆ, ಅಂದರೆ ಅದನ್ನು ಒತ್ತಿ ಬಿಗಿಯುವ ಹಿಡಿ, ಮತ್ತೆ ಕೂರಲೇ ಇಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಎಲ್ಲ ರಬ್ಬರೂ ಅದಕ್ಕೆ ತಾಳುವುದಿಲ್ಲ. ಫ್ಲೋರೋ ರಬ್ಬರಿನ, ಅಂದರೆ ವಿಟಾನ್ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವ ಹಾಳೆಯಿಂದ ಹೊಸ ಬಳೆ ಕತ್ತರಿಸಿ ಹಾಕಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಆದ್ದರಿಂದ ನಮ್ಮ ಊರಿನ ಹವೆಯಲ್ಲಿ ಅರ್ಧ ತುಂಬಿದ ಕ್ಯಾನನ್ನು ತಿಂಗಳುಗಟ್ಟಲೆ ಇಡಬಾರದು. ಹಾಗೆಯೇ, ಒಮ್ಮೆ ಪೆಟ್ರೋಲು ಕಂಡ ಕ್ಯಾನು ಸೋರಿದರೆ ಅದಕ್ಕೆ ವೆಲ್ಡಿಂಗ್ ಕೊಡಿಸುವ ಮಾತನ್ನೇ ಎತ್ತಬಾರದು. ಖಾಲಿ ಕ್ಯಾನಿನಲ್ಲಿ ಉಳಿದ ಆವಿ ತುಂಬಿದ ಕ್ಯಾನಿಗಿಂತ ಬೇಗ ಸಿಡಿಯುತ್ತದೆ.

ಎರಡನೆಯ ಚೌಕಟ್ಟನ್ನೂ ನೀರು ತುಂಬಿಸಿಯೇ ಪರೀಕ್ಷಿಸಿದೆ. 20 ಲೀಟರ್ ನೀರು 20 ಕೆ.ಜಿ., ಅಷ್ಟೇ ಪೆಟ್ರೋಲು ಸುಮಾರು 15 ಕೆ.ಜಿ., ನೀರನ್ನು ತಡೆದದ್ದು ಪೆಟ್ರೋಲನ್ನು ಖಂಡಿತ ತಡೆಯುತ್ತದೆ. ಎಲ್ಲ ನಟ್ಟುಗಳ ಮೇಲೆ ಮಗಳ ಕೆಂಪು ಉಗುರುಬಣ್ಣದಿಂದ ನಟ್ಟು, ವಾಷರ್, ಪ್ಲೇಟುಗಳನ್ನು ದಾಟುವಂತೆ ಒಂದೊಂದು ಗೆರೆ ಎಳೆದೆ. ಕೊಡಚಾದ್ರಿಯ ದಾರಿಯಲ್ಲಿ ಜೀಪು ಓಡಿಸುವ ಗುರುತಿನವರೊಬ್ಬರು ಹೇಳಿಕೊಟ್ಟ ಉಪಾಯವಿದು. ನಿಟ್ಟೂರು ಕಡೆಯ ತೋಟದ ಕಲ್ಲುದಾರಿಗಳಲ್ಲಿ ನಾಲ್ಕು ದಿನ ಓಡಿಸಿ ಬಂದು ನೋಡಿದಾಗ ಎಂಟರಲ್ಲಿ ಎರಡು ಗೆರೆಗಳು ಮುರಿದು, ನಟ್ಟಿನ ಮೇಲಿನ ತುಂಡು ಎಳ್ಳುಕಾಳಿನಷ್ಟು ಪಕ್ಕಕ್ಕೆ ಸರಿದಿದ್ದವು. ಕೈಗೆ ಅವು ಬಿಗಿಯಾಗಿಯೇ ಇದ್ದವು. ಗೆರೆಯಿಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಸ್ಪ್ರಿಂಗ್ ವಾಷರುಗಳನ್ನು ತೆಗೆದು ಎಲ್ಲ ಕಡೆ ನೈಲಾಕ್ ನಟ್ಟು, ಅಂದರೆ ಒಳಗಿನ ನೈಲಾನ್ ಬಳೆಯಿಂದ ಬೋಲ್ಟನ್ನು ಹಿಡಿದಿಡುವ ನಟ್ಟು, ಹಾಕಿದೆ. ಕ್ಯಾನುಗಳನ್ನು ಬಿಗಿಯಲು ಇದ್ದ ನೈಲಾನ್ ಪಟ್ಟಿಯನ್ನೂ ಬಿಟ್ಟೆ, ನೆನೆದರೆ ಅದು ಹಿಗ್ಗುತ್ತದೆ. ಬದಲಿಗೆ ಹಿಡಿಕೆಗಳ ಮೇಲೆ ಅಡ್ಡ ಕೂರುವ 40×6ರ ಕಬ್ಬಿಣದ ಪಟ್ಟಿ ಬಂತು.

ರಾಮಗಢದಲ್ಲಿ ಬೆಳಗಿನ ಚಳಿಯಲ್ಲಿ ಕ್ಯಾನುಗಳನ್ನು ಚೌಕಟ್ಟಿನಿಂದ ಕೆಳಗಿಳಿಸಿ, ನೆಲದ ಮೇಲೆ ಇಟ್ಟು, ಬಂಕಿನ ನಳಿಗೆಯನ್ನು ಕ್ಯಾನಿನ ಲೋಹಕ್ಕೆ ತಾಗಿಸಿಕೊಂಡೇ ತುಂಬಿಸಿದೆವು. ಮಲೆನಾಡಿನ ತೇವದ ಗಾಳಿಯಲ್ಲಿ ಸ್ಥಿರ ವಿದ್ಯುತ್ತು ನಿಲ್ಲುವುದಿಲ್ಲವಾದ್ದರಿಂದ ನಮಗೆ ಅದರ ಪರಿಚಯವೇ ಕಡಿಮೆ. ಅಲ್ಲಿಯ ಒಣ ಹವೆಯಲ್ಲಿ ಉಣ್ಣೆಯ ಸ್ವೆಟರ್ ತೆಗೆದರೆ ಚಟಚಟ ಎನ್ನುತ್ತದೆ, ಗಾಡಿಯ ಬಾಗಿಲು ಮುಟ್ಟಿದರೆ ಬೆರಳಿಗೆ ಕಿಡಿ ಹೊಡೆಯುತ್ತದೆ. ದೊಡ್ಡ ಕ್ಯಾನಿಗೆ 19 ಲೀಟರಿಗೇ ನಿಲ್ಲಿಸಿದೆ. ಪೆಟ್ರೋಲು ಒಂದು ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಬೆಳಗಿನ 10 ಡಿಗ್ರಿಯಲ್ಲಿ ತುಂಬಿದ್ದು ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನೊಳಗೆ 45 ಡಿಗ್ರಿಗೆ ಏರಿದರೆ ಮುಕ್ಕಾಲು ಲೀಟರಿನಷ್ಟು ಜಾಗ ಬೇಕಾಗುತ್ತದೆ. ಕ್ಯಾನುಗಳ ಮೇಲೆ ಬಿಳಿ ಗೋಣಿಪಟ್ಟೆಯೊಂದನ್ನು ಹೊದಿಸಿದ್ದೆ.

ಟೈರುಗಳ ಗಾಳಿಯನ್ನು 26ರಿಂದ 15ಕ್ಕೆ ಇಳಿಸಿದ ಮೇಲೆ ಮರಳಿನಲ್ಲಿ ಗಾಡಿ ತೇಲಿದಂತೆ ಸಾಗಿತು, ಲೀಟರಿಗೆ ಐದೂವರೆ ಕಿ.ಮೀ. ಬಂತು. ಗಡಿಯ ಕಡೆಯ ಪ್ರದೇಶವಾದ್ದರಿಂದ ಅನುಮತಿ ಇದ್ದಲ್ಲಿ ಮಾತ್ರ, ಸ್ಥಳೀಯ ಚಾಲಕರೊಬ್ಬರ ಹಿಂದೆ ಹೋದೆವು. ಮೊದಲ ಸಂಜೆಯೇ, ಎಂಜಿನ್ ಆರಿಸಿ ಅರ್ಧ ಗಂಟೆ ತಣಿಯಲು ಬಿಟ್ಟು, ಗಾಳಿಗೆ ಬೆನ್ನು ಕೊಟ್ಟು ದೊಡ್ಡ ಕ್ಯಾನನ್ನು ಟ್ಯಾಂಕಿಗೆ ಸುರಿದೆವು. ಮುಚ್ಚಳದ ಸನ್ನೆಯನ್ನು ಒಮ್ಮೆಲೇ ಎತ್ತದೆ ಸ್ವಲ್ಪವೇ ಸಡಿಲಿಸಿದಾಗ ಕ್ಯಾನು ಐದಾರು ಸೆಕೆಂಡು ಸುಯ್ಯೆಂದು ಉಸಿರು ಬಿಟ್ಟಿತು. ಆಲಿಕೆಗೆ ಹಿತ್ತಾಳೆಯ ಸಣ್ಣ ಜಾಲರಿ ಬೆಸೆದಿದ್ದೆ. ಸುರಿದು ಮುಗಿದಾಗ ಅದರ ಮೇಲೆ ಚಿಟಿಕೆಯಷ್ಟು ಮರಳು ಉಳಿದಿತ್ತು. ಆ ಹೊತ್ತಿನಲ್ಲಿ ಒಬ್ಬರು ಎರಡು ಕೆ.ಜಿ.ಯ ಅಗ್ನಿಶಾಮಕವನ್ನು ಕೈಯಲ್ಲಿ ಹಿಡಿದು ದೂರ ನಿಂತಿದ್ದರು. ಅದರ ಜಾಗ ಚಾಲಕನ ಸೀಟಿನ ಪಕ್ಕದಲ್ಲಿ. ಕ್ಯಾನಿನ ಪಕ್ಕದಲ್ಲಿ ಇಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ರಾಮಗಢಕ್ಕೆ ಹಿಂದಿರುಗಿದಾಗ ಸಣ್ಣ ಕ್ಯಾನು ತೆರೆಯದೆಯೇ ಉಳಿದಿತ್ತು. ಅದನ್ನೂ ಅಲ್ಲಿಯೇ ಟ್ಯಾಂಕಿಗೆ ಸುರಿದು, ಮುಚ್ಚಳ ತೆರೆದು ಬಿಸಿಲಿನಲ್ಲಿ ಎರಡೂ ಕ್ಯಾನುಗಳ ವಾಸನೆ ಹೋಗುವವರೆಗೆ ಆರಿಸಿ ಹೆದ್ದಾರಿಗೆ ಇಳಿದೆವು.

ಸಾಗರಕ್ಕೆ ಬಂದ ಮೇಲೆ ಚೌಕಟ್ಟನ್ನು ಬಿಚ್ಚಿ ನೋಡಿದೆ. ಉಗುರುಬಣ್ಣದ ಎಂಟು ಗೆರೆಗಳೂ ನೇರವಾಗಿದ್ದವು. ಗನ್‌ಮೆಟಲ್ ಬುಷ್‌ನ ಕೆಳತುದಿಯಲ್ಲಿ ಗ್ರೀಸಿಗೆ ಮರಳು ಸೇರಿ ಉಜ್ಜಿ, ಪಿನ್ನಿನ ಮೇಲೆ ಉಂಗುರದಂತೆ ಮಸುಕು ಗೆರೆ ಬಿದ್ದಿತ್ತು. ಬುಷ್‌ನ ಎರಡೂ ತುದಿಗೆ ಧೂಳು ತಡೆಯುವ ಆಯಿಲ್ ಸೀಲ್ ಕೂರಿಸಲು ಕವಚದಲ್ಲಿ 6 ಮಿ.ಮೀ. ಜಾಗ ಕಡೆಯಬೇಕು, ಪಿನ್ನು, ಬುಷ್ ಎರಡೂ ಈಗ ಶಿವಮೊಗ್ಗದ ಲೇತ್ ಅಂಗಡಿಯಲ್ಲಿವೆ.